‘ರೆಕಾರ್ಡ್ ಆಗುತ್ತೆ’ ಎಂಬ ಗುಮ್ಮ



ಕಳೆದ ದೀಪಾವಳಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಿದ್ದೆವು. ಎದುರಿಗೆ ಬಿಸಿಬೇಳೆಭಾತಿನ ಪಾತ್ರೆ, ಹಿಂದಿನಿಂದ ಪಿಸುಮಾತು. ಒಬ್ಬ ತಾಯಿ ಇನ್ನೊಬ್ಬರ ಹತ್ತಿರ ತಮ್ಮ ಮಗನ ವಿಷಯ ಹೇಳಿಕೊಳ್ಳುತ್ತಿದ್ದರು. ಹುಡುಗ ರೂಮು ಬಿಟ್ಟು ಹೊರಗೆ ಬರುವುದಿಲ್ಲ, ಊಟ ಸೇರುವುದಿಲ್ಲ, ರಾತ್ರಿಯೆಲ್ಲ ಎಚ್ಚರ. ಕೇಳಿದವರು ಒಳ್ಳೆಯ ಮನಸ್ಸಿನಿಂದಲೇ ಉತ್ತರ ಕೊಟ್ಟರು: “ಯಾರಾದರೂ ಕೌನ್ಸೆಲರ್ ಹತ್ರ ಕರ್ಕೊಂಡು ಹೋಗಿ ಅಕ್ಕಾ. ಆದ್ರೆ ಇನ್ಶೂರೆನ್ಸ್‌ಗೆ ಮಾತ್ರ ಹಾಕ್ಬೇಡಿ. ಕ್ಯಾಶ್ ಕೊಟ್ಬಿಡಿ. ರೆಕಾರ್ಡ್ ಆಗುತ್ತೆ.”

ಸಾಲು ಮುಂದೆ ಸರಿಯಿತು, ಮಾತು ಅಲ್ಲಿಗೆ ಮುಗಿಯಿತು. ಅವರು ಯಾರೆಂದು ದಯವಿಟ್ಟು ಹುಡುಕಬೇಡಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇವೆ. ಅಲ್ಲದೆ ಇದು ಒಬ್ಬರ ಮಾತಲ್ಲ. ಷಾರ್ಲೆಟ್ಟಿನಲ್ಲಿ ಇಷ್ಟು ವರ್ಷ ಇದ್ದು ಈ ಸಲಹೆ ಕೇಳದ ಕನ್ನಡ ಮನೆ ಇರಲಾರದು. ನಾವೂ ಕೇಳಿದ್ದೆವು, ಕೇಳಿದಂತೆ ನಡೆದೂ ನಡೆದೆವು. ಅದರಿಂದ ನಮಗಾದ ನಷ್ಟ ಡಾಲರ್‌ಗಳಲ್ಲಿ ಮುಗಿಯಲಿಲ್ಲ. ಆ ಕಾರಣಕ್ಕೇ ಗಂಡ ಹೆಂಡತಿ ಇಬ್ಬರೂ ಕುಳಿತು ಇದನ್ನು ಬರೆಯುತ್ತಿದ್ದೇವೆ. ಸಂಪಾದಕರು ಎರಡು ಪುಟ ಕೊಡುತ್ತೇನೆ ಎಂದಿದ್ದರು. ಹೆಚ್ಚಾದರೆ ಅವರು ಕ್ಷಮಿಸಬೇಕು, ಜೆರಾಕ್ಸ್ ಖರ್ಚು ನಾವು ಕೊಡುತ್ತೇವೆ.

ನಾವು ಹೇಳಬೇಕಾದದ್ದು ಇಷ್ಟೇ: ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಬೇಕಾದಾಗ ನಾವು ಪ್ರೀಮಿಯಮ್ ಕಟ್ಟುವ ಆರೋಗ್ಯ ವಿಮೆಯನ್ನೇ ಬಳಸಬೇಕು. ಹಲ್ಲು ನೋವಿಗೆ, ಮಂಡಿ ನೋವಿಗೆ, ಸಕ್ಕರೆ ಕಾಯಿಲೆಗೆ ಕಾರ್ಡ್ ತೆಗೆದುಕೊಡುವ ಕೈ ಮನಸ್ಸಿನ ನೋವಿಗೆ ಮಾತ್ರ ನೋಟು ಎಣಿಸುವುದು ಜಾಣತನವಲ್ಲ. ಅದು ಹೆದರಿಕೆ. ಆ ಹೆದರಿಕೆಯ ಬೆಲೆಯನ್ನು ನಮ್ಮ ಮಕ್ಕಳು ತೆರುತ್ತಿದ್ದಾರೆ.

ನಮ್ಮ ಮನೆಯ ಕಥೆ

ನಮ್ಮ ಮಗಳು ಕಾಲೇಜಿನ ಎರಡನೆಯ ವರ್ಷದಲ್ಲಿದ್ದಳು. ಮನೆಯಿಂದ ಎರಡೂವರೆ ಗಂಟೆಯ ದಾರಿ. ಥ್ಯಾಂಕ್ಸ್‌ಗಿವಿಂಗ್ ರಜಕ್ಕೆ ಬಂದವಳು ಅಡಿಗೆಮನೆಯಲ್ಲಿ ನಿಂತು, “ಅಮ್ಮಾ, ನನಗೇನೋ ಸರಿಯಿಲ್ಲ” ಎಂದಳು. ನಾವು ಮೊದಲು ಹೇಳಿದ್ದು ಎಲ್ಲ ತಂದೆ ತಾಯಿಗಳೂ ಹೇಳುವ ಮಾತನ್ನೇ: ನಿದ್ದೆ ಸರಿಯಾಗಿ ಮಾಡು, ಫೋನು ಕೆಳಗಿಡು, ಬೆಳಿಗ್ಗೆ ಎದ್ದು ಸ್ವಲ್ಪ ಪ್ರಾಣಾಯಾಮ ಮಾಡು. ಎರಡು ವಾರದ ಮೇಲೆ ಥೆರಪಿಸ್ಟ್ ಹತ್ತಿರ ಕಳುಹಿಸಿದೆವು. ಗಂಟೆಗೆ 160 ಡಾಲರ್. ವಾರಕ್ಕೊಮ್ಮೆ. ಎಲ್ಲವೂ ಕೈಯಿಂದ. ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲೂ ಕಾಣಬಾರದೆಂದು ಚೆಕ್ ಬರೆದುಕೊಟ್ಟ ಮಹಾ ಬುದ್ಧಿವಂತರು ನಾವು.

ನಾಲ್ಕು ತಿಂಗಳಲ್ಲಿ 16 ಭೇಟಿ, 2560 ಡಾಲರ್. ಅತ್ತ ಪ್ರತಿ ಸಂಬಳದಲ್ಲೂ ಆರೋಗ್ಯ ವಿಮೆಯ ಕಂತು ಕಡಿತವಾಗುತ್ತಲೇ ಇತ್ತು. ಒಂದು ದಿನ ನಮ್ಮಲ್ಲೊಬ್ಬರು, ಯಾರೆಂಬುದು ಮುಖ್ಯವಲ್ಲ, ಮಗಳನ್ನು ಕೇಳಿದೆವು: “ಎರಡು ವಾರಕ್ಕೊಮ್ಮೆ ಹೋದರೆ ಸಾಲದೇನಮ್ಮಾ?” ಅವಳು ಒಂದು ಕ್ಷಣ ಸುಮ್ಮನಿದ್ದು, “ಪರವಾಗಿಲ್ಲಪ್ಪಾ, ನಾನೀಗ ಸರಿಹೋಗಿದ್ದೀನಿ, ಬಿಟ್ಟೇಬಿಡ್ತೀನಿ” ಎಂದಳು. ನಮಗೆ ಸಮಾಧಾನವಾಯಿತು. ನಿಜ ಹೇಳಬೇಕೆಂದರೆ ಸಂತೋಷವೇ ಆಯಿತು.

ಐದು ವಾರ ಕಳೆದ ಮೇಲೆ ಒಂದು ರಾತ್ರಿ ಅವಳ ರೂಮ್‌ಮೇಟ್ ಫೋನ್ ಮಾಡಿದಳು. ಆ ಎರಡೂವರೆ ಗಂಟೆಯ ದಾರಿಯ ಬಗ್ಗೆ ನಾವು ಬರೆಯುವುದಿಲ್ಲ. ತುರ್ತು ಚಿಕಿತ್ಸೆಯ ವಿಭಾಗದಲ್ಲಿ ಒಂದು ರಾತ್ರಿ, ವಾರ್ಡಿನಲ್ಲಿ ನಾಲ್ಕು ರಾತ್ರಿ. ಕೌಂಟರಿನಲ್ಲಿ ಇನ್ಶೂರೆನ್ಸ್ ಕಾರ್ಡ್ ಕೇಳಿದರು, ಕೊಟ್ಟೆವು. ‘ರೆಕಾರ್ಡ್’ ಎಂಬ ಪದ ಆಗ ನಮ್ಮಿಬ್ಬರಲ್ಲಿ ಯಾರ ತಲೆಗೂ ಬರಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ನಾವು ತಿರುಗುಮುರುಗು: ಕೊಳ್ಳೆ ಹೋಗುವವರೆಗೂ ಬಾಗಿಲು ಹಾಕಿಕೊಂಡೇ ಇದ್ದೆವು.

ದೇವರು ದೊಡ್ಡವನು, ಮಗಳು ಉಳಿದಳು. ಈಗ ಓದು ಮುಗಿಸಿ ಕೆಲಸದಲ್ಲಿದ್ದಾಳೆ, ತಿಂಗಳಿಗೊಮ್ಮೆ ಇಂದಿಗೂ ಥೆರಪಿಗೆ ಹೋಗುತ್ತಾಳೆ. ಈ ಲೇಖನವನ್ನು ಅವಳ ಒಪ್ಪಿಗೆಯಿಂದಲೇ ಬರೆದಿದ್ದೇವೆ. ಓದಿ ಎರಡು ವಾಕ್ಯ ಹೊಡೆದುಹಾಕಿದಳು, ಒಂದು ವಾಕ್ಯ ಸೇರಿಸಲು ಹೇಳಿದಳು. ಅದು ಆ ಬೇಸಿಗೆಯಲ್ಲಿ ಅವಳು ನಮಗೆ ಹೇಳಿದ ಮಾತು: “ನೀವು ಚೆಕ್ ಬರೆದು ಮುಚ್ಚಿಟ್ಟಿದ್ದು ನೋಡಿದಾಗಲೇ ನನಗೆ ಗೊತ್ತಾಯ್ತು, ನನಗಾಗಿರೋದು ನಾಚಿಕೆ ಪಡೋ ಅಂಥದ್ದು ಅಂತ.”

ಗುಮ್ಮನ ಮುಸುಕು ತೆಗೆದರೆ

ಈಗ ಆ ಗುಮ್ಮನ ಮುಸುಕನ್ನು ಒಂದೊಂದೇ ಪದರವಾಗಿ ತೆಗೆಯೋಣ.

‘ಕಂಪನಿಗೆ ಗೊತ್ತಾಗುತ್ತೆ, ಕೆಲಸ ಹೋಗುತ್ತೆ.’ ಇದು ಮೊದಲ ಪದರ. ನಿಮ್ಮ ಮ್ಯಾನೇಜರ ಮೇಜಿನ ಮೇಲೆ ನಿಮ್ಮ ಕ್ಲೇಮುಗಳ ಪಟ್ಟಿ ಬಂದು ಬೀಳುವುದಿಲ್ಲ. 1996ರ ಹಿಪಾ ಕಾನೂನು ಮತ್ತು ಅದರಡಿ ಬಂದ ಗೌಪ್ಯತೆಯ ನಿಯಮಗಳು ಇದನ್ನು ತಡೆಯುತ್ತವೆ. ದೊಡ್ಡ ಬ್ಯಾಂಕು, ದೊಡ್ಡ ಕಂಪನಿಗಳು ಹಲವು ಸಲ ತಮ್ಮದೇ ಹಣದಿಂದ ವಿಮೆ ನಡೆಸುತ್ತವೆ, ವಿಮೆ ಕಂಪನಿ ಬರೀ ಲೆಕ್ಕ ನೋಡಿಕೊಳ್ಳುತ್ತದೆ. ಅಂಥಲ್ಲಿ ಪ್ಲಾನಿನ ಆಡಳಿತ ನೋಡುವ ಕೆಲವರಿಗೆ ಕೆಲವು ಮಾಹಿತಿ ತಲುಪಬಹುದು, ನಿಜ. ಆದರೆ ಅದನ್ನು ಕೆಲಸದ ತೀರ್ಮಾನಗಳಿಗೆ ಬಳಸುವುದನ್ನು ಕಾನೂನು ನಿಷೇಧಿಸುತ್ತದೆ. ಥೆರಪಿಸ್ಟ್ ತಮಗಾಗಿ ಪ್ರತ್ಯೇಕವಾಗಿ ಇಟ್ಟುಕೊಳ್ಳುವ ಮಾತುಕತೆಯ ಟಿಪ್ಪಣಿಗಳಿಗಂತೂ ಇನ್ನೂ ಹೆಚ್ಚಿನ ರಕ್ಷಣೆ ಇದೆ. ವಿಮೆ ಕಂಪನಿಗೆ ಹೋಗುವುದು ಮುಖ್ಯವಾಗಿ ತಾರೀಖು, ಕಾಯಿಲೆಯ ಕೋಡು, ಭೇಟಿಯ ಕೋಡು. ಅತ್ತೆಯ ಮೇಲೆ ಹೇಳಿಕೊಂಡ ದೂರು ಅಲ್ಲಿರುವುದಿಲ್ಲ.

‘ಗ್ರೀನ್ ಕಾರ್ಡಿಗೆ ತೊಂದರೆ.’ ಎಚ್-1ಬಿ ವೀಸಾದಲ್ಲಿ ಹತ್ತು ಹದಿನೈದು ವರ್ಷ ಸಾಲಿನಲ್ಲಿ ನಿಂತವರಿಗೆ ಈ ಮಾತು ಕೇಳಿದರೇ ಎದೆ ನಡುಗುತ್ತದೆ. ನಮಗೂ ನಡುಗಿತ್ತು. ಸಂಗತಿ ಹೀಗಿದೆ. ನೌಕರಿಯ ಮೂಲಕ ಬಂದ ಖಾಸಗಿ ವಿಮೆಯನ್ನು ಬಳಸುವುದು ಸರ್ಕಾರಕ್ಕೆ ಹೊರೆಯಾಗುವುದಲ್ಲ. ಗ್ರೀನ್ ಕಾರ್ಡಿನ ವೈದ್ಯಕೀಯ ತಪಾಸಣೆಯಲ್ಲಿ, ಅಂದರೆ ಐ-693 ಅರ್ಜಿಯಲ್ಲಿ, ಮಾನಸಿಕ ಕಾಯಿಲೆಯ ಪ್ರಶ್ನೆ ಇದೆ. ಆದರೆ ಅಲ್ಲಿ ಅಡ್ಡಿಯಾಗುವುದು ಕಾಯಿಲೆಯ ಹೆಸರಲ್ಲ. ಕಾಯಿಲೆಯ ಜೊತೆ ತನಗೋ ಇತರರಿಗೋ ಅಪಾಯ ತರುವ ನಡವಳಿಕೆ ಇದೆಯೇ, ಮರುಕಳಿಸುವ ಸಂಭವವಿದೆಯೇ ಎಂಬುದನ್ನು ನೋಡುತ್ತಾರೆ. ಖಿನ್ನತೆಗೆ ಮಾತ್ರೆ ತೆಗೆದುಕೊಂಡೆ, ಆತಂಕಕ್ಕೆ ಥೆರಪಿಗೆ ಹೋದೆ ಎಂಬುದಷ್ಟೇ ಅಡ್ಡಿಯಲ್ಲ. ಯೋಚಿಸಿ ನೋಡಿ: ಚಿಕಿತ್ಸೆ ತಪ್ಪಿಸಿಕೊಂಡವನ ಸ್ಥಿತಿಯೇ ಅಪಾಯದ ಹಂತಕ್ಕೆ ಹೋಗುವುದಲ್ಲವೇ? ನಿಮ್ಮ ಅರ್ಜಿಯಲ್ಲಿ ಬೇರೆ ತೊಡಕಿದ್ದರೆ ವಕೀಲರನ್ನು ಕೇಳಿ. ಪಾಟ್‌ಲಕ್ಕಿನಲ್ಲಿ ಪಕ್ಕದಲ್ಲಿ ಕುಳಿತವರನ್ನು ಕೇಳಬೇಡಿ.

‘ಮುಂದೆ ಯಾರೂ ಹೆಲ್ತ್ ಇನ್ಶೂರೆನ್ಸ್ ಕೊಡುವುದಿಲ್ಲ.’ ಈ ಭಯ ಒಂದು ಕಾಲದಲ್ಲಿ ನಿಜವೇ ಆಗಿತ್ತು. ನಮ್ಮ ಹಿರಿಯ ಸದಸ್ಯರು ಈ ದೇಶಕ್ಕೆ ಬಂದಾಗ ಖಿನ್ನತೆಯ ಹಳೆಯ ಚರಿತ್ರೆ ಇದ್ದವರಿಗೆ ಸ್ವಂತವಾಗಿ ಕೊಳ್ಳುವ ಪಾಲಿಸಿಯನ್ನು ನಿರಾಕರಿಸಬಹುದಾಗಿತ್ತು. ಅವರ ಎಚ್ಚರಿಕೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ 2010ರ ಅಫರ್ಡಬಲ್ ಕೇರ್ ಆಕ್ಟಿನಿಂದಾಗಿ 2014ರ ಜನವರಿಯಿಂದ, ಮೊದಲೇ ಇದ್ದ ಕಾಯಿಲೆಯ ನೆಪದಲ್ಲಿ ಮುಖ್ಯ ಆರೋಗ್ಯ ವಿಮೆಯನ್ನು ನಿರಾಕರಿಸುವಂತಿಲ್ಲ, ಅದಕ್ಕಾಗಿ ಹೆಚ್ಚು ಕಂತು ಕೇಳುವಂತೆಯೂ ಇಲ್ಲ. ನಾವು 2014ಕ್ಕೆ ಮುಂಚಿನ ನಕ್ಷೆ ಹಿಡಿದು ಇಂದಿನ ಊರಿನಲ್ಲಿ ದಾರಿ ಹುಡುಕುತ್ತಿದ್ದೇವೆ.

‘ಲೈಫ್ ಇನ್ಶೂರೆನ್ಸ್?’ ಇಲ್ಲಿ ನಾವು ಸುಳ್ಳು ಧೈರ್ಯ ಹೇಳುವುದಿಲ್ಲ. ಜೀವ ವಿಮೆ ಮತ್ತು ಡಿಸೆಬಿಲಿಟಿ ವಿಮೆಯವರು ಮಾನಸಿಕ ಚಿಕಿತ್ಸೆಯ ಬಗ್ಗೆ ಕೇಳಬಹುದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೂಬಹುದು. ಮೇಲೆ ಹೇಳಿದ ಕಾನೂನು ಅವರಿಗೆ ಅನ್ವಯಿಸುವುದಿಲ್ಲ. ಆದರೆ ಅರ್ಜಿಯಲ್ಲಿ ಕೇಳುವುದು ‘ಚಿಕಿತ್ಸೆ ಪಡೆದಿದ್ದೀರಾ’ ಎಂದೇ ಹೊರತು ‘ದುಡ್ಡು ಯಾರು ಕೊಟ್ಟರು’ ಎಂದಲ್ಲ. ಕ್ಯಾಶ್ ಕೊಟ್ಟವರೂ ನಿಜವನ್ನೇ ಬರೆಯಬೇಕು. ಮುಚ್ಚಿಟ್ಟು ಬರೆದರೆ, ಬೇಕಾದ ಹೊತ್ತಿಗೆ ಆ ಪಾಲಿಸಿಯೇ ಕೈ ಕೊಡಬಹುದು. ಥೆರಪಿಸ್ಟ್ ಹತ್ತಿರ ಕಡತ ಹೇಗೂ ಇರುತ್ತದೆ. ಅಂದಮೇಲೆ ಕ್ಯಾಶ್ ಕೊಟ್ಟು ನಾವು ಉಳಿಸಿಕೊಂಡದ್ದೇನು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು.

ಕೊನೆಯ ಪದರ, ಯಾರೂ ಗಟ್ಟಿಯಾಗಿ ಹೇಳದ್ದು: ‘ನಾಳೆ ಮಕ್ಕಳ ಮದುವೆ.’ ಬಂಧುಗಳೇ, ವಿಮೆ ಕಂಪನಿಯ ಕಡತ ಜಾತಕದ ಜೊತೆ ಲಕೋಟೆಯಲ್ಲಿ ಬರುವುದಿಲ್ಲ. ಮದುವೆ ಮಾತಿನಲ್ಲಿ ಸುದ್ದಿ ಹರಡುವುದು ಅಮೆರಿಕದ ವಿಮೆ ಕಂಪನಿಯಿಂದಲ್ಲ, ನಮ್ಮ ಬಾಯಿಂದ. ನಮಗೆ ನಿಜವಾಗಿ ಭಯವಿರುವುದು ನಮ್ಮ ಮೇಲೆಯೇ. ಆ ಭಯಕ್ಕೆ ಮದ್ದು ನೋಟಿನ ಕಂತೆಯಲ್ಲಿಲ್ಲ. ಊಟದ ಸಾಲಿನಲ್ಲಿ ನಾವು ನಾಲಿಗೆಯನ್ನು ಹೇಗೆ ಇಟ್ಟುಕೊಳ್ಳುತ್ತೇವೆ ಎಂಬುದರಲ್ಲಿದೆ.

ಕೈಯಿಂದಲೇ ಪೂರ್ತಿ ಹಣ ಕೊಟ್ಟು, ವಿಮೆಗೆ ತಿಳಿಸಬೇಡಿ ಎಂದು ಕೇಳುವ ಹಕ್ಕು ಕಾನೂನಿನಲ್ಲೇ ಇದೆ. ಎಲ್ಲ ತಿಳಿದು, ತೂಗಿ ನೋಡಿ, ಹಣವೂ ಇದ್ದು ಹಾಗೆ ಮಾಡುವವರ ಜೊತೆ ನಮ್ಮ ಜಗಳವಿಲ್ಲ. ನಮ್ಮ ಜಗಳ ಆ ಗುಸುಗುಸು ಸಲಹೆಯ ಜೊತೆ. ಎಚ್-4ನಲ್ಲಿರುವ ಹೆಂಡತಿ, ಒಂದೇ ಸಂಬಳದ ಮನೆ, ಊರಿಗೆ ಹಣ ಕಳುಹಿಸುವ ಹೊಸ ಸಂಸಾರ, ಇಂಥವರು ಗಂಟೆಗೆ 160 ಡಾಲರ್ ಎಲ್ಲಿಂದ ತರಬೇಕು? ‘ಕ್ಯಾಶ್ ಕೊಡಿ’ ಎಂದರೆ ಅವರಿಗೆ ‘ಹೋಗಬೇಡಿ’ ಎಂದೇ ಅರ್ಥ.

ಅಕ್ಟೋಬರ್ 3, 2008

ನಮ್ಮ ಊರಿನ ಹಳಬರಿಗೆ ಈ ತಾರೀಖು ಮರೆಯುವಂಥದ್ದಲ್ಲ. ಆ ಶುಕ್ರವಾರ ಬೆಳಿಗ್ಗೆ ವಕೋವಿಯಾ ಬ್ಯಾಂಕನ್ನು ವೆಲ್ಸ್ ಫಾರ್ಗೋ ಕೊಳ್ಳುತ್ತದೆಂಬ ಸುದ್ದಿ ಬಂತು. ಷಾರ್ಲೆಟ್ಟಿನ ಹೆಮ್ಮೆಯಾಗಿದ್ದ ಬ್ಯಾಂಕು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಂದು ಒಲೆ ಹತ್ತಿದ್ದು ತಡವಾಗಿ. ಕೆಲಸ ಉಳಿಯುತ್ತದೋ, ವೀಸಾ ಉಳಿಯುತ್ತದೋ ಎಂದು ಒಬ್ಬರಿಗೊಬ್ಬರು ಫೋನ್ ಮಾಡಿದ್ದೇ ಮಾಡಿದ್ದು.

ಅದೇ ದಿನ ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ಬುಷ್ ಬ್ಯಾಂಕುಗಳನ್ನು ಉಳಿಸುವ 700 ಬಿಲಿಯನ್ ಡಾಲರ್ ಮಸೂದೆಗೆ ಸಹಿ ಹಾಕಿದರು. ಆ ದಪ್ಪ ಮಸೂದೆಯ ಒಳಗೆ ಇನ್ನೊಂದು ಕಾನೂನನ್ನು ಸೇರಿಸಲಾಗಿತ್ತು. ಅದು ವೆಲ್‌ಸ್ಟೋನ್ ಮತ್ತು ಡೊಮೆನಿಚಿ ಎಂಬ ಇಬ್ಬರು ಸೆನೆಟರ್‌ಗಳ ಹೆಸರಿನ ಮಾನಸಿಕ ಆರೋಗ್ಯ ಸಮಾನತೆಯ ಕಾನೂನು. ಬ್ಯಾಂಕಿನ ಸುದ್ದಿಯನ್ನು ನಾವೆಲ್ಲ ಓದಿದೆವು. ಆ ಇನ್ನೊಂದನ್ನು ಓದಿದವರೆಷ್ಟು ಜನ?

ಅದಕ್ಕೆ ಮುಂಚಿನ ಸ್ಥಿತಿ ಹೇಗಿತ್ತು? ಹೃದಯಕ್ಕೆ ಆಪರೇಷನ್ ಆದರೆ ಎಷ್ಟು ಸಲ ಬೇಕಾದರೂ ಡಾಕ್ಟರ ಹತ್ತಿರ ಹೋಗಬಹುದು. ಮನಸ್ಸಿಗಾದರೆ ವರ್ಷಕ್ಕೆ 20 ಭೇಟಿ, 30 ದಿನ ಆಸ್ಪತ್ರೆ ಎಂಬಂಥ ಮಿತಿ ಅನೇಕ ಪಾಲಿಸಿಗಳಲ್ಲಿ ಮಾಮೂಲು. 1996ರ ಕಾನೂನು ಡಾಲರ್ ಮಿತಿಯನ್ನಷ್ಟೇ ಮುಟ್ಟಿತ್ತು. ನಮ್ಮ ನಾರ್ತ್ ಕೆರೋಲೈನಾ ಶಾಸನಸಭೆ 2007ರಲ್ಲಿ ಖಿನ್ನತೆ, ಸ್ಕಿಜೋಫ್ರೇನಿಯಾ ಮುಂತಾದ ಒಂಬತ್ತು ಕಾಯಿಲೆಗಳಿಗೆ ಸಮಾನತೆ ಕೊಟ್ಟಿತು. 2008ರ ಕಾನೂನು 50ಕ್ಕೂ ಹೆಚ್ಚು ನೌಕರರಿರುವ ಕಂಪನಿಗಳ ಪ್ಲಾನುಗಳಿಗೆ ಖಡಾಖಂಡಿತವಾಗಿ ಹೇಳಿತು: ಮಾನಸಿಕ ಚಿಕಿತ್ಸೆ ಪ್ಲಾನಿನಲ್ಲಿದ್ದರೆ ಅದರ ಕೋಪೇ, ಭೇಟಿಗಳ ಮಿತಿ, ಮುಂಗಡ ಅನುಮತಿಯ ಕಟ್ಟಳೆ, ಯಾವುದೂ ದೇಹದ ಚಿಕಿತ್ಸೆಗಿಂತ ಬಿಗಿಯಾಗಿರಕೂಡದು. 2014ರಿಂದ ವೈಯಕ್ತಿಕ ಮತ್ತು ಸಣ್ಣ ಕಂಪನಿಗಳ ಹೊಸ ಪಾಲಿಸಿಗಳಲ್ಲಿ ಮಾನಸಿಕ ಚಿಕಿತ್ಸೆ ಇರಲೇಬೇಕಾದ ಹತ್ತು ಸೌಲಭ್ಯಗಳಲ್ಲಿ ಒಂದಾಯಿತು.

ಈ ಕಾನೂನು ಹೇಗೆ ಹುಟ್ಟಿತು ಎಂಬುದು ನಮ್ಮ ಚರ್ಚೆಗೆ ಬಹಳ ಮುಖ್ಯ. ಡೊಮೆನಿಚಿ ರಿಪಬ್ಲಿಕನ್, ವೆಲ್‌ಸ್ಟೋನ್ ಡೆಮೊಕ್ರಾಟ್. ರಾಜಕೀಯದಲ್ಲಿ ಎಣ್ಣೆ ಸೀಗೆಕಾಯಿ. ಆದರೆ ಒಬ್ಬರ ಮಗಳಿಗೆ ಸ್ಕಿಜೋಫ್ರೇನಿಯಾ, ಇನ್ನೊಬ್ಬರ ಅಣ್ಣನಿಗೆ ತೀವ್ರ ಮಾನಸಿಕ ಕಾಯಿಲೆ. ಇಬ್ಬರೂ ಅದನ್ನು ಮುಚ್ಚಿಡಲಿಲ್ಲ. ಸೆನೆಟಿನಂಥ ಜಾಗದಲ್ಲಿ, ಮತ ಕೇಳಬೇಕಾದ ಮನುಷ್ಯರು, ‘ನಮ್ಮ ಮನೆಯಲ್ಲೂ ಇದೆ’ ಎಂದು ಹೇಳಿದರು. ವೆಲ್‌ಸ್ಟೋನ್ 2002ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಕಾನೂನು ಆದದ್ದನ್ನು ನೋಡಲಿಲ್ಲ. ಅವರೂ ‘ರೆಕಾರ್ಡ್ ಆಗುತ್ತೆ’ ಎಂದು ಬಾಯಿ ಮುಚ್ಚಿಕೊಂಡಿದ್ದರೆ ನಾವು ಈಗಲೂ 20 ಭೇಟಿಗಳ ಲೆಕ್ಕ ಹಾಕುತ್ತಿದ್ದೆವು.

ವಿಮೆ ಕಂಪನಿಗಳನ್ನೂ ಬಿಡುವುದಿಲ್ಲ

ವಿಮೆ ಬಳಸಿ ಎಂದ ಮಾತ್ರಕ್ಕೆ ವಿಮೆ ಕಂಪನಿಗಳಿಗೆ ಹಾರ ಹಾಕುತ್ತಿದ್ದೇವೆ ಎಂದು ತಿಳಿಯಬೇಡಿ. ಕಾಗದದ ಮೇಲಿನ ಸಮಾನತೆ ಬೇರೆ, ಫೋನಿನಲ್ಲಿ ಸಿಗುವ ಸಮಾನತೆ ಬೇರೆ. ಆಸ್ಪತ್ರೆಯಿಂದ ಬಂದ ಮೇಲೆ ಕಂಪನಿ ಕೊಟ್ಟ ಪಟ್ಟಿ ಹಿಡಿದು ಫೋನ್ ಮಾಡಲು ಕುಳಿತೆವು. ಒಬ್ಬರು ಊರು ಬಿಟ್ಟಿದ್ದರು, ಒಬ್ಬರು ಆ ವಿಮೆ ಬಿಟ್ಟಿದ್ದರು, ಒಂದು ನಂಬರು ಹೋಗಿ ದಂತವೈದ್ಯರಿಗೆ ತಗುಲಿತು, ಉಳಿದವರಲ್ಲಿ ಹಲವರು ಹೊಸಬರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಇದು ನಮ್ಮೊಬ್ಬರ ಅದೃಷ್ಟವಲ್ಲ. 2023ರಲ್ಲಿ ಸೆನೆಟಿನ ಹಣಕಾಸು ಸಮಿತಿಯವರು, ಖಾಸಗಿ ಕಂಪನಿಗಳು ಹಿರಿಯರಿಗಾಗಿ ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಪ್ಲಾನುಗಳ ಪಟ್ಟಿಯಿಂದ 120 ಹೆಸರು ಆರಿಸಿ ಫೋನ್ ಮಾಡಿದರೆ, ಅಪಾಯಿಂಟ್‌ಮೆಂಟ್ ಸಿಕ್ಕಿದ್ದು 100ಕ್ಕೆ 18ರಂತೆ ಮಾತ್ರ. ಇಂಥ ಪಟ್ಟಿಗೆ ಇಲ್ಲಿಯವರು ದೆವ್ವದ ಪಟ್ಟಿ ಎಂದೇ ಹೆಸರಿಟ್ಟಿದ್ದಾರೆ. ಇನ್ನು ಮನೋವೈದ್ಯರದೂ ಒಂದು ಕಥೆ. 2009-10ರ ಸುಮಾರಿಗೆ ಖಾಸಗಿ ವಿಮೆ ಒಪ್ಪುತ್ತಿದ್ದ ಮನೋವೈದ್ಯರು 100ಕ್ಕೆ 55 ಮಂದಿ, ಉಳಿದ ವೈದ್ಯರಲ್ಲಿ 89 ಮಂದಿ ಎಂದು ಅಮೆರಿಕದ ಮನೋವೈದ್ಯ ಪತ್ರಿಕೆಯೊಂದು 2014ರಲ್ಲಿ ಪ್ರಕಟಿಸಿತ್ತು. ವಿಮೆಯವರು ಕೊಡುವ ದರ ಕಡಿಮೆ, ಕಾಗದಪತ್ರದ ಕಾಟ ಹೆಚ್ಚು ಎಂಬುದು ವೈದ್ಯರ ದೂರು.

ಆಮೇಲೆ ನಿರಾಕರಣೆಯ ಪತ್ರ. ಮಗಳಿಗೆ ವಾರಕ್ಕೆ ಮೂರು ದಿನದ ಹೊರರೋಗಿ ಕಾರ್ಯಕ್ರಮ ಬೇಕೆಂದು ವೈದ್ಯರು ಬರೆದಿದ್ದರು. ಎರಡು ವಾರ ಆದ ಮೇಲೆ ವಿಮೆಯವರು ‘ವೈದ್ಯಕೀಯವಾಗಿ ಅಗತ್ಯವಿಲ್ಲ’ ಎಂದು ಕೈ ತೊಳೆದುಕೊಂಡರು. ಅವಳನ್ನು ಒಂದು ಸಲವೂ ನೋಡದವರಿಗೆ ಅಗತ್ಯ ಗೊತ್ತಾದದ್ದು ಹೇಗೋ! ನಾವು ಮೇಲ್ಮನವಿ ಹಾಕಿದೆವು. ವೈದ್ಯರಿಂದ ಪತ್ರ ತಂದೆವು. ಯಾವ ಮಾನದಂಡದಿಂದ ಈ ತೀರ್ಮಾನಕ್ಕೆ ಬಂದಿರಿ, ಅದನ್ನು ಬರವಣಿಗೆಯಲ್ಲಿ ಕೊಡಿ, ಮಂಡಿ ಆಪರೇಷನ್ ಆದವರ ಫಿಸಿಯೋಥೆರಪಿಗೂ ಎರಡು ವಾರಕ್ಕೇ ಹೀಗೆ ಮಾಡುತ್ತೀರಾ ಎಂದು ಕೇಳಿದೆವು. ಐದು ವಾರದಲ್ಲಿ ಮಂಜೂರಾಗಿ ಬಂತು. ಕೇಳದೆ ಸುಮ್ಮನಿದ್ದವರಿಗೆ ಇದು ಬರುವುದಿಲ್ಲ. ನಾವೆಲ್ಲ ಕ್ಯಾಶ್ ಕೊಟ್ಟು ಸುಮ್ಮನಾದರೆ ಆ ಕಂಪನಿಗಳಿಗೆ ಅದಕ್ಕಿಂತ ಹಬ್ಬ ಇನ್ನೊಂದಿಲ್ಲ: ಕಂತು ಬರುತ್ತದೆ, ಖರ್ಚು ಬರುವುದಿಲ್ಲ. ನಾವು ಸುಮ್ಮನಿದ್ದಷ್ಟೂ ಅವರ ಪಟ್ಟಿಯಲ್ಲಿ ದೆವ್ವಗಳು ಹೆಚ್ಚುತ್ತವೆ.

ಕೆಲಸಕ್ಕೆ ಬರುವ ನಾಲ್ಕು ಮಾತು

ಬರೀ ಬೈದು ಮುಗಿಸಿದರೆ ಪ್ರಯೋಜನವಿಲ್ಲ. ನಾವು ಪೆಟ್ಟು ತಿಂದು ಕಲಿತದ್ದನ್ನು ಬರೆಯುತ್ತೇವೆ, ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿಕೊಳ್ಳಿ.

ಮೊದಲನೆಯದಾಗಿ, ಕಾರ್ಡಿನ ಹಿಂದಿನ ನಂಬರಿಗೆ ಫೋನ್ ಮಾಡಿ ಮಾನಸಿಕ ಚಿಕಿತ್ಸೆಗೆ ಕೋಪೇ ಎಷ್ಟು, ಡಿಡಕ್ಟಿಬಲ್ ಉಂಟೇ, ನೆಟ್‌ವರ್ಕಿನ ಹೊರಗೆ ಹೋದರೆ ಎಷ್ಟು ವಾಪಸ್ ಬರುತ್ತದೆ ಎಂದು ಕೇಳಿ. ನೆಟ್‌ವರ್ಕಿನ ಹೊರಗಿನವರಾದರೆ ‘ಸೂಪರ್‌ಬಿಲ್’ ಕೇಳಿ ಪಡೆದು ನೀವೇ ಕ್ಲೇಮ್ ಹಾಕಬಹುದು. ನಮ್ಮ 2560 ಡಾಲರಿನಲ್ಲಿ ಒಂದಿಷ್ಟಾದರೂ ಹೀಗೆ ಹಿಂದಕ್ಕೆ ಬರುತ್ತಿತ್ತು. ನೆಟ್‌ವರ್ಕಿನವರು ಸಿಕ್ಕ ಮೇಲೆ ಈಗ ಭೇಟಿಗೆ 30 ಡಾಲರ್. ಆಗಲೇ ಹುಡುಕಿದ್ದರೆ 16 ಭೇಟಿಗೆ 480 ಡಾಲರ್ ಆಗುತ್ತಿತ್ತು. ಆ ‘ಎರಡು ವಾರಕ್ಕೊಮ್ಮೆ’ ಎಂಬ ಪ್ರಶ್ನೆಯೇ ನಮ್ಮ ಬಾಯಿಂದ ಬರುತ್ತಿರಲಿಲ್ಲ.

ಎರಡನೆಯದಾಗಿ, ಪಟ್ಟಿಯ ಪುಟವನ್ನು ತಾರೀಖಿನ ಸಮೇತ ಪ್ರಿಂಟ್ ತೆಗೆದಿಟ್ಟುಕೊಳ್ಳಿ. 2022ರಿಂದ ಜಾರಿಯಲ್ಲಿರುವ ನೋ ಸರ್‌ಪ್ರೈಸಸ್ ಆಕ್ಟಿನ ಪ್ರಕಾರ ವಿಮೆಯವರು 90 ದಿನಕ್ಕೊಮ್ಮೆ ಪಟ್ಟಿಯನ್ನು ಪರಿಶೀಲಿಸಬೇಕು. ಪಟ್ಟಿಯ ತಪ್ಪನ್ನು ನಂಬಿ ಹೋದವರಿಗೆ ನೆಟ್‌ವರ್ಕಿನ ದರಕ್ಕಿಂತ ಹೆಚ್ಚು ಹಾಕುವಂತಿಲ್ಲ.

ಮೂರನೆಯದಾಗಿ, ನಿರಾಕರಣೆ ಬಂದರೆ ಕಂಪನಿಯ ಒಳಗಿನ ಮೇಲ್ಮನವಿಗೆ 180 ದಿನ ಅವಕಾಶವಿದೆ. ತುರ್ತಾದರೆ 72 ಗಂಟೆಯೊಳಗೆ ಉತ್ತರ ಕೊಡಬೇಕು. ಅಲ್ಲೂ ಸೋತರೆ ಹೊರಗಿನ ಸ್ವತಂತ್ರ ಪರಿಶೀಲನೆಗೆ ಸುಮಾರು ನಾಲ್ಕು ತಿಂಗಳ ಅವಧಿ. ನಾರ್ತ್ ಕೆರೋಲೈನಾ ಪಾಲಿಸಿಯಾದರೆ ರಾಜ್ಯದ ವಿಮೆ ಇಲಾಖೆಯ ‘ಸ್ಮಾರ್ಟ್ ಎನ್‌ಸಿ’ ವಿಭಾಗದವರು ಸಹಾಯ ಮಾಡುತ್ತಾರೆ. ಕಂಪನಿ ಸ್ವಂತ ಹಣದಿಂದ ನಡೆಸುವ ಪ್ಲಾನಾದರೆ ಕೇಂದ್ರದ ಕಾರ್ಮಿಕ ಇಲಾಖೆಗೆ 1-866-444-3272ಕ್ಕೆ ಫೋನ್ ಮಾಡಿ.

ನಾಲ್ಕನೆಯದಾಗಿ, ಗಡಿಯ ವಿಷಯ. ನಮ್ಮಲ್ಲಿ ಅರ್ಧ ಜನ ಬ್ಯಾಲಂಟೈನಿನಲ್ಲಿ, ಅರ್ಧ ಜನ ಗಡಿ ದಾಟಿ ಫೋರ್ಟ್ ಮಿಲ್, ಇಂಡಿಯನ್ ಲ್ಯಾಂಡಿನಲ್ಲಿ. ಥೆರಪಿಸ್ಟ್‌ಗಳ ಲೈಸೆನ್ಸು ರಾಜ್ಯಕ್ಕೊಂದು. ವಿಡಿಯೋ ಮೂಲಕ ಮಾತನಾಡುವಾಗ ರೋಗಿ ಯಾವ ರಾಜ್ಯದಲ್ಲಿ ಕುಳಿತಿದ್ದಾರೆ ಎಂಬುದೇ ಲೆಕ್ಕ. ಮಕ್ಕಳು ಬೇರೆ ರಾಜ್ಯದ ಕಾಲೇಜಿಗೆ ಹೋದರೂ ಇದೇ ತೊಡಕು. ಸೈಕಾಲಜಿಸ್ಟರಿಗೆ ‘ಸೈಪ್ಯಾಕ್ಟ್’ ಎಂಬ ಅಂತರರಾಜ್ಯ ಒಪ್ಪಂದವಿದೆ, ಎರಡೂ ಕೆರೋಲೈನಾಗಳು ಅದರಲ್ಲಿ ಸೇರಿವೆ. ಕಾಲೇಜಿಗೆ ಹಾಸಿಗೆ, ಕುಕ್ಕರು ಕಟ್ಟಿಕೊಡುವಾಗಲೇ ಇದನ್ನೂ ವಿಚಾರಿಸಿಟ್ಟುಕೊಳ್ಳಿ.

ಇನ್ನೂ ಒಂದಿದೆ. ಮಕ್ಕಳು 26 ವರ್ಷದವರೆಗೆ ನಮ್ಮ ಪಾಲಿಸಿಯಲ್ಲಿರಬಹುದು. ಆದರೆ ಖರ್ಚಿನ ವಿವರಣೆಯ ಪತ್ರ, ಇ.ಓ.ಬಿ., ಬರುವುದು ಪಾಲಿಸಿದಾರರಾದ ನಮ್ಮ ಹೆಸರಿಗೆ. ಈ ಒಂದು ಕಾರಣಕ್ಕೇ ಎಷ್ಟೋ ಮಕ್ಕಳು ಚಿಕಿತ್ಸೆಗೆ ಹೋಗುವುದಿಲ್ಲ, ಅಪ್ಪ ಲಕೋಟೆ ಒಡೆಯುತ್ತಾರಲ್ಲ ಎಂದು. ದೊಡ್ಡವರಾದ ಮಕ್ಕಳು ತಮ್ಮ ಪತ್ರಗಳನ್ನು ಬೇರೆ ವಿಳಾಸಕ್ಕೆ ಕಳುಹಿಸಲು ವಿಮೆಯವರನ್ನು ಕೇಳಿಕೊಳ್ಳಬಹುದು. ನೀವೇ ಮುಂದಾಗಿ ಅವರಿಗೆ ಹೇಳಿ: “ನೀನು ಹೋಗಬೇಕು ಅನಿಸಿದರೆ ಹೋಗು, ಕಾರ್ಡ್ ಕೊಡು, ನಾನು ಏನೂ ಕೇಳುವುದಿಲ್ಲ.” ನಾವು ಹೇಳದೆ ಹೋದ ಮಾತು ಅದು.

ಜೀವಕ್ಕೆ ಅಪಾಯ ಎನಿಸಿದ ಗಳಿಗೆಯಲ್ಲಿ ವಿಮೆ, ಲೆಕ್ಕ ಯಾವುದೂ ಬೇಡ. 988ಕ್ಕೆ ಫೋನ್ ಮಾಡಿ, ದಿನದ 24 ಗಂಟೆಯೂ ಇದೆ, ಹಣ ಕೇಳುವುದಿಲ್ಲ. 2022ರ ಜುಲೈನಿಂದ ಇಡೀ ದೇಶದಲ್ಲಿ ಈ ನಂಬರಿದೆ.

ಊರಿನ ಕಡೆ ನೋಡಿದರೆ

‘ಇದೆಲ್ಲ ಅಮೆರಿಕದ ಕಾಯಿಲೆ, ನಮ್ಮಲ್ಲಿರಲಿಲ್ಲ’ ಎನ್ನುವವರಿಗೆ ಒಂದು ಮಾತು. ಮನಶ್ಶಾಸ್ತ್ರ ಓದಿದ ಮೈಸೂರಿನ ತ್ರಿವೇಣಿಯವರು ಇದನ್ನೇ ಕಾದಂಬರಿಗಳಲ್ಲಿ ಬರೆದರು. ಪುಟ್ಟಣ್ಣನವರ ‘ಶರಪಂಜರ’ವನ್ನು ನೋಡದ ನಮ್ಮ ತಲೆಮಾರಿನ ಕನ್ನಡಿಗರಿದ್ದಾರೆಯೇ? ಕಲ್ಪನಾ ಅವರ ಕಾವೇರಿ ಬಾಣಂತನದಲ್ಲಿ ಕಾಯಿಲೆ ಬಿದ್ದು, ವಾಸಿಯಾಗಿ ಮನೆಗೆ ಬರುತ್ತಾಳೆ. ಅವಳನ್ನು ಮತ್ತೆ ಕೆಡವಿದ್ದು ಕಾಯಿಲೆಯಲ್ಲ, ಮನೆಯವರ, ನೆರೆಯವರ ಕಣ್ಣು. ಥಿಯೇಟರಿನಲ್ಲಿ ಕರ್ಚೀಫು ಒದ್ದೆ ಮಾಡಿಕೊಂಡು ಅತ್ತ ನಾವೇ ಷಾರ್ಲೆಟ್ಟಿಗೆ ಬಂದು ಆ ನೆರೆಯವರ ಪಾತ್ರ ಮಾಡುತ್ತಿದ್ದೇವೆ.

ಬೆಂಗಳೂರಿನಲ್ಲಿ ತಮಾಷೆಗೆ ‘ಇವನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು’ ಎನ್ನುತ್ತಿದ್ದೆವು. ಅದೇ ನಿಮ್ಹಾನ್ಸ್ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡು ಚಿಕಿತ್ಸೆ ಮಾಡುವುದನ್ನು ದಶಕಗಳ ಹಿಂದೆಯೇ ನಡೆಸಿತ್ತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಗಳಲ್ಲಿ ಅವರು ಮಾಡಿದ ಪ್ರಯೋಗವೇ 1996ರಲ್ಲಿ ಇಡೀ ಭಾರತದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕಾನೂನಿನಲ್ಲೂ ನಮ್ಮ ಊರು ಹಿಂದೆ ಬಿದ್ದಿಲ್ಲ. ಭಾರತದ 2017ರ ಮಾನಸಿಕ ಆರೋಗ್ಯ ಕಾಯಿದೆಯ 21ನೆಯ ಕಲಮು, ವಿಮೆ ಕಂಪನಿಗಳು ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ಹೇಳುತ್ತದೆ. ಕಂಪನಿಗಳು ಎಳೆದಾಡಿದವು. ಕೊನೆಗೆ 2022ರ ಅಕ್ಟೋಬರ್ 31ರೊಳಗೆ ಎಲ್ಲ ಪಾಲಿಸಿಗಳಲ್ಲೂ ಸೇರಿಸಿ ಎಂದು ನಿಯಂತ್ರಣ ಪ್ರಾಧಿಕಾರ ಗಡುವು ಹಾಕಬೇಕಾಯಿತು. ಊರಿನಲ್ಲಿರುವ ಅಪ್ಪ ಅಮ್ಮನಿಗೆ ನೀವು ಕಂತು ಕಟ್ಟುತ್ತಿದ್ದರೆ ಆ ಪಾಲಿಸಿ ತೆಗೆದು ನೋಡಿ. ಅವರನ್ನು ಇಲ್ಲಿಗೆ ಕರೆಸಿಕೊಳ್ಳುವಾಗ ಕೊಳ್ಳುವ ವಿಸಿಟರ್ ಇನ್ಶೂರೆನ್ಸಿನಲ್ಲಿ ಸಾಮಾನ್ಯವಾಗಿ ಮನಸ್ಸಿನ ಚಿಕಿತ್ಸೆ ಇರುವುದಿಲ್ಲ ಎಂಬುದೂ ನೆನಪಿರಲಿ. ಆರು ತಿಂಗಳು ನಾಲ್ಕು ಗೋಡೆಯ ನಡುವೆ ಕಿಟಕಿ ನೋಡುತ್ತ ಕೂರುವ ತಾಯಿಗೂ ಮನಸ್ಸಿದೆ.

ಕೊನೆಯದಾಗಿ

2021ರ ಅಕ್ಟೋಬರ್ 12ರಂದು ಚಾಪೆಲ್ ಹಿಲ್ಲಿನ ವಿಶ್ವವಿದ್ಯಾಲಯದವರು ಇಡೀ ದಿನ ಪಾಠ ನಿಲ್ಲಿಸಿದರು. ಕಾರಣ ನಿಮಗೆ ಗೊತ್ತು. ಅಲ್ಲಿ ನಮ್ಮ ಮಕ್ಕಳೂ ಓದುತ್ತಾರೆ. ಅಂಥ ದೊಡ್ಡ ಸಂಸ್ಥೆಗೇ ಒಂದು ದಿನ ನಿಂತು ಯೋಚಿಸಬೇಕು ಎನಿಸಿತು. ನಮ್ಮ ಸಂಘಕ್ಕೆ ಒಂದು ಮಧ್ಯಾಹ್ನವೂ ಬೇಡವೇ?

ಕಾರ್ಯಕಾರಿ ಸಮಿತಿಗೆ ನಮ್ಮ ಬೇಡಿಕೆ ಮೂರು. ಮುಂದಿನ ಆರೋಗ್ಯ ಶಿಬಿರದಲ್ಲಿ ರಕ್ತದೊತ್ತಡ, ಸಕ್ಕರೆಯ ಮೇಜಿನ ಪಕ್ಕದಲ್ಲಿ ಮನಸ್ಸಿಗೂ ಒಂದು ಮೇಜು ಹಾಕಿ, ಮೂಲೆಯಲ್ಲಿ ಪರದೆಯ ಹಿಂದೆ ಬೇಡ. ವಿಮೆ ಒಪ್ಪುವ, ಹೊಸಬರನ್ನು ತೆಗೆದುಕೊಳ್ಳುವ ಥೆರಪಿಸ್ಟ್‌ಗಳಿಗೆ ನಾವೇ ಫೋನ್ ಮಾಡಿ ಖಚಿತಪಡಿಸಿಕೊಂಡ ಒಂದು ಪಟ್ಟಿ ತಯಾರಿಸೋಣ. ಕನ್ನಡ ಬಲ್ಲವರು ಸಿಕ್ಕರೆ ಪುಣ್ಯ. ಮೂರನೆಯದಾಗಿ, ಓಪನ್ ಎನ್‌ರೋಲ್‌ಮೆಂಟ್ ಸಮಯದಲ್ಲಿ ಪಾಲಿಸಿ ಓದುವುದು ಹೇಗೆಂದು ಒಂದು ಭಾನುವಾರ ಕುಳಿತು ಹೇಳಿಕೊಡೋಣ. ನಿರಾಕರಣೆಯ ಪತ್ರ ಬಂದವರಿಗೆ ಮೇಲ್ಮನವಿ ಬರೆಯಲು ನಾವಿಬ್ಬರೂ ಬಂದು ಕೂರುತ್ತೇವೆ. ಹೆಸರು ಯಾರಿಗೂ ಹೇಳುವುದಿಲ್ಲ, ಕಾಫಿ ಕೊಟ್ಟರೆ ಸಾಕು.

ನಮ್ಮನ್ನು ವಿರೋಧಿಸುವವರು ಖಂಡಿತ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುತ್ತೇವೆ. ಆದರೆ ದಯವಿಟ್ಟು ಒಂದು ಮಾತು ನಡೆಸಿಕೊಡಿ. ಇನ್ನು ಮೇಲೆ ಊಟದ ಸಾಲಿನಲ್ಲಿ ಯಾರಾದರೂ ತಗ್ಗಿದ ದನಿಯಲ್ಲಿ ‘ಮಗನಿಗೆ ಸರಿಯಿಲ್ಲ’ ಎಂದರೆ ‘ಕ್ಯಾಶ್ ಕೊಡಿ’ ಎನ್ನಬೇಡಿ. “ಕಾರ್ಡ್ ಇದೆಯಲ್ಲ, ನಾಳೆಯೇ ಫೋನ್ ಮಾಡಿ, ಬೇಕಾದರೆ ನಾನೂ ಜೊತೆಗೆ ಬರ್ತೀನಿ” ಎನ್ನಿ.

ರೆಕಾರ್ಡ್ ಆಗುತ್ತದೆ, ನಿಜ. ನಮ್ಮ ಮಗಳು ಬದುಕಿದ್ದಾಳೆ ಎಂಬುದೂ ಅದರಲ್ಲಿ ರೆಕಾರ್ಡ್ ಆಗಿದೆ.

ಸಿರಿಗನ್ನಡಂ ಗೆಲ್ಗೆ!

ನಿಮ್ಮವರೇ ಆದ ಒಂದು ಸದಸ್ಯ ಕುಟುಂಬ, ಷಾರ್ಲೆಟ್